ಸುಳಿಯ ಫಿಲ್ಮ್ ಮತ್ತು ಮಂಜುಳಾ ಕಂಡ ತಪ್ಪು

೨೦೧೨ರಲ್ಲಿ ನಾನು ವೈಟ್‌ಫೀಲ್ಡ್‌ನಲ್ಲಿದ್ದ ಒಂದು ವಿದೇಶಿ ಕಂಪನಿಯ ಸಂಶೋಧನಾ ವಿಭಾಗದಲ್ಲಿ ಹಿರಿಯ ವಿಜ್ಞಾನಿಯಾಗಿದ್ದೆ. ಕಂಪ್ಯೂಟರ್ ಮೆಮೊರಿಗೆ ಬೇಕಾದ ಅತಿ ಸಣ್ಣ ಕಾಂತೀಯ ಬಿಲ್ಲೆಗಳನ್ನು ರೂಪಿಸುವುದು ನಮ್ಮ ಕೆಲಸ. ಅಂಥ ಬಿಲ್ಲೆಯೊಳಗೆ ಸ್ಪಿನ್‌ಗಳು, ಅಂದರೆ ಪರಮಾಣುಗಳೊಳಗಿನ ಪುಟ್ಟ ಅಯಸ್ಕಾಂತಗಳು, ನೀರಿನ ಸುಳಿಯಂತೆ ಸುತ್ತಿಕೊಂಡು ನಿಲ್ಲುತ್ತವೆ. ಸುಳಿಯ ನಡುಬಿಂದು ಮೇಲ್ಮುಖವಾಗಿದ್ದರೆ ಒಂದು, ಕೆಳಮುಖವಾಗಿದ್ದರೆ ಸೊನ್ನೆ. ಕರೆಂಟಿನ ಪಲ್ಸ್, ಅಂದರೆ ಕ್ಷಣಮಾತ್ರದ ಮಿಡಿತ, ಕೊಟ್ಟು ಅದನ್ನು ತಿರುಗಿಸಬೇಕು.

ಅದು ತಿರುಗುವುದನ್ನು ಚಿತ್ರೀಕರಿಸಲು ಯುರೋಪಿನ ಒಂದು ಸಿಂಕ್ರೊಟ್ರಾನ್‌ಗೆ ಹೋದೆ. ಎಲೆಕ್ಟ್ರಾನ್‌ಗಳನ್ನು ದೊಡ್ಡ ಉಂಗುರದಲ್ಲಿ ಓಡಿಸಿ ತೀಕ್ಷ್ಣ ಎಕ್ಸ್‌ರೇ ಹೊಮ್ಮಿಸುವ ಯಂತ್ರ ಅದು. ನಾನು ತಂದ ಫಿಲ್ಮ್‌ನಲ್ಲಿ ಸುಳಿಯ ನಡುಬಿಂದು ಪ್ರತಿ ಪಲ್ಸ್‌ಗೂ ತಪ್ಪದೆ ತಿರುಗುತ್ತಿತ್ತು. ನಮ್ಮ ಡೈರೆಕ್ಟರ್ ಶ್ರೀಧರ್ ಅದನ್ನು ಮತ್ತೆ ಮತ್ತೆ ಹಾಕಿಸಿ ನೋಡಿದರು.

ಆ ವಾರವೇ ಟೆಸ್ಟ್ ಎಂಜಿನಿಯರ್ ಮಂಜುಳಾ ನನ್ನ ಕೋಣೆಗೆ ಬಂದರು. ಪಟ್ಟಂದೂರು ಅಗ್ರಹಾರದ ಹಳೆಯ ಒಕ್ಕಲು ಮನೆತನದವರು. ಮನೆ ನಮ್ಮ ಕಾಂಪೌಂಡಿನ ಆಚೆಗೇ ಇತ್ತು, ಅದರ ಒಂದು ಭಾಗವನ್ನು ಬಾಡಿಗೆಗೆ ಕೊಟ್ಟಿದ್ದರು. ಒಂದೊಂದು ಪಲ್ಸನ್ನೂ ಬೇರೆಬೇರೆಯಾಗಿ ಅಳೆದಾಗ ನಡುಬಿಂದು ಆಗೊಮ್ಮೆ ಈಗೊಮ್ಮೆ ತಿರುಗುತ್ತಲೇ ಇಲ್ಲವೆಂದರು. ಜೊತೆಯಲ್ಲಿ ಕೂತು ಪರೀಕ್ಷಿಸಿದೆ. ಅವರ ಮಾತು ನಿಜವಾಗಿತ್ತು.

ಫಿಲ್ಮ್ ಕೂಡ ಸುಳ್ಳಾಗಿರಲಿಲ್ಲ. ಎಕ್ಸ್‌ರೇಯ ಒಂದು ಮಿಂಚಿನಲ್ಲಿ ಸಿಗುವ ಬೆಳಕು ಏನೇನೂ ಸಾಲದು. ಒಂದೇ ಘಟನೆಯನ್ನು ಕೋಟಿಗಟ್ಟಲೆ ಸಲ ಮರುಕಳಿಸಿ, ಎಲ್ಲವನ್ನೂ ಕೂಡಿಸಿದರೆ ಒಂದು ಚಿತ್ರ. ಅಪರೂಪಕ್ಕೆ ಆಗುವ ತಪ್ಪು ಆ ಮೊತ್ತದಲ್ಲಿ ಕರಗಿಹೋಗುತ್ತದೆ.

ಬಿಲ್ಲೆಗಳನ್ನು ಕೊಳ್ಳಲಿದ್ದ ಕ್ಲಯಂಟ್‌ಗೆ ಫಿಲ್ಮ್ ತೋರಿಸುವ ಮುನ್ನ ನಡೆದ ಮೀಟಿಂಗಿನಲ್ಲಿ ಇದನ್ನೇ ವಿವರಿಸಿದೆ, ಫಿಲ್ಮ್‌ನ ಜೊತೆ ಈ ಮಿತಿಯನ್ನೂ ಬರೆಯಬೇಕೆಂದೆ. ಶ್ರೀಧರ್ ತಾಳ್ಮೆಯಿಂದಲೇ ಕೇಳಿಸಿಕೊಂಡರು. ಆಮೇಲೆ, "ಕ್ಲಯಂಟ್ ಮುಂದೆ ಪಾಠ ಮಾಡ್ಬೇಡಿ. ಎಕ್ಸ್‌ರೇನೇ ಸರಿ ಅಂತಿದೆ. ಫಿಲ್ಮ್ ತೋರಿಸಿ, ಸಾಕು" ಎಂದರು. ನಾನು ಸೇರಿಸಿದ್ದ ಸಾಲು ಪ್ರದರ್ಶನದ ದಿನ ಪರದೆಯ ಮೇಲೆ ಇರಲಿಲ್ಲ.

ಕ್ಲಯಂಟ್ ಒಪ್ಪಂದಕ್ಕೆ ಸಹಿ ಹಾಕಿದರು. ಮಂಜುಳಾ ಮಾತ್ರ, ಎಷ್ಟು ಒತ್ತಾಯಿಸಿದರೂ, ದೋಷದ ಬಗ್ಗೆ ತಾವು ಕೊಟ್ಟಿದ್ದ ವರದಿಯನ್ನು ಹಿಂದಕ್ಕೆ ಪಡೆಯಲಿಲ್ಲ. ಅವರ ಪರೀಕ್ಷಾ ವಿಧಾನವೇ ಸರಿಯಿಲ್ಲವೆಂದು ಶ್ರೀಧರ್ ಸೇವಾ ದಾಖಲೆಯಲ್ಲಿ ಷರಾ ಬರೆದು ರಾಜೀನಾಮೆ ಕೇಳಿದರು. ನಾನು ಶ್ರೀಧರ್ ಬಳಿ ಹೋಗಿ ವಾದಿಸಿದೆ. "ಅವರಿಗೇನ್ರೀ, ಮನೆ ಬಾಡಿಗೆ ಬರುತ್ತೆ" ಎಂದು ಅವರು ಲ್ಯಾಪ್‌ಟಾಪಿನತ್ತ ತಿರುಗಿಕೊಂಡರು. ಆ ಹೆಣ್ಣುಮಗಳು ಓದಿದ್ದಕ್ಕೂ ದುಡಿದದ್ದಕ್ಕೂ ಅವರು ಕೊಟ್ಟ ಬೆಲೆ ಅಷ್ಟೇ.

ಮುಂದಿನ ವರ್ಷ ಕ್ಲಯಂಟ್‌ನವರ ಸ್ವಂತ ಪರೀಕ್ಷೆಯಲ್ಲೂ ಅದೇ ದೋಷ ಸಿಕ್ಕಿತು. ಒಪ್ಪಂದ ರದ್ದಾಯಿತು, ನಮ್ಮ ವಿಭಾಗವನ್ನು ಮುಚ್ಚಿದರು. ನಾವೆಲ್ಲ ಬೇರೆ ಕೆಲಸ ಹುಡುಕುತ್ತಿದ್ದಾಗ ಶ್ರೀಧರ್ ಬಡ್ತಿ ಪಡೆದು ಸಿಂಗಪುರದ ಕಚೇರಿಗೆ ಹೋದರು.

ಸುದ್ದಿ ಹೇಳಲು ಮಂಜುಳಾ ಮನೆಗೆ ಹೋದೆ. ಹಳೆಯ ಕಂಪನಿ ಬರೆದ ಷರಾದಿಂದ ಬೇರೆಲ್ಲೂ ಕೆಲಸ ಸಿಗದೆ ಅವರು ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಕೇಳಿ, "ಆಫೀಸಲ್ಲಿ ಯಾರಾದ್ರೂ ನನ್ನ ಹೆಸರು ಎತ್ತಿದ್ರಾ ಸಾರ್?" ಎಂದರು.

ಇಲ್ಲವೆಂದೆ. ಅವರು ಕಾಫಿ ತರಲು ಒಳಗೆ ಹೋದರು.

ಎಂಥ ಉಪಕರಣಕ್ಕೂ ಕಾಣದ್ದು ಒಂದಿಷ್ಟು ಇದ್ದೇ ಇರುತ್ತದೆ. ಅದನ್ನು ಯಾವ ಪಠ್ಯಪುಸ್ತಕವಾದರೂ ಕಲಿಸೀತು. ಕಂಡವರು ಹೇಳಿದ ಮೇಲೂ ಕಾಣದಂತೆ ಕೂರುವವರಿಗೆ ಏನೂ ಆಗುವುದಿಲ್ಲ, ಕಂಡವರಿಗೆ ಕಳೆದದ್ದು ಮರಳಿ ಸಿಗುವುದೂ ಇಲ್ಲ. ನೌಕರಿ ನನಗೆ ಕಲಿಸಿದ್ದು ಇದನ್ನು.