ಬೆನ್ನು ಉಜ್ಜುವವರಿಲ್ಲ

ಗಂಡ ಸತ್ತ ಮೇಲೆ ಮನೆಗೆ ಬಂದವರೆಲ್ಲ ನನ್ನ ಮನಸ್ಸನ್ನು ವಿಚಾರಿಸಿದರು. ಅತ್ತು ಹಗುರ ಮಾಡಿಕೊಳ್ಳಿ ಎಂದರು. ಬೆನ್ನನ್ನು ಯಾರೂ ವಿಚಾರಿಸಲಿಲ್ಲ.

ಅವರು ಹೊಸನಗರದಿಂದ ತೀರ್ಥಹಳ್ಳಿಗೆ ಹೋಗುವ ಬಸ್ಸಿನ ಡ್ರೈವರಾಗಿದ್ದರು. ಪ್ರೀತಿಯ ಮಾತು ಅವರಿಗೆ ಬರುತ್ತಿರಲಿಲ್ಲ, ನನಗೂ ಬೇಕಿರಲಿಲ್ಲ. ನನ್ನ ಬಲಗೈ ಮೇಲೆತ್ತಲು ಬಾರದಂತಾದ ಮೇಲೆ ವಾರಕ್ಕೊಮ್ಮೆ ಬಚ್ಚಲಿಗೆ ಬಂದು, ಬೆನ್ನಿಗೆ ಎಣ್ಣೆ ತಿಕ್ಕಿ, ಸೀಗೆಪುಡಿ ಹಾಕಿ ಉಜ್ಜಿಕೊಡುತ್ತಿದ್ದರು. ಸ್ಟೇರಿಂಗ್ ಹಿಡಿದು ಹಿಡಿದು ಕಲ್ಲಾಗಿದ್ದ ಕೈ. ಉಜ್ಜಿದರೆ ಚರ್ಮ ಕಿತ್ತು ಬರಬೇಕು. ನನಗೂ ಹಾಗೇ ಬೇಕಿತ್ತು.

ಅವರು ಹೋದ ಮೇಲೆ ಬೆನ್ನಿಗೆ ಕೈ ಬಿದ್ದಿರಲಿಲ್ಲ. ಒಣಗಿ ನವೆ ಹತ್ತಿತು. ಅಷ್ಟರಲ್ಲಿ ದೀಪಾವಳಿ ಬಂತು. ಸುತ್ತಲಿನ ಮನೆಗಳಲ್ಲೆಲ್ಲ ಎಣ್ಣೆಸ್ನಾನಕ್ಕೆ ಹಂಡೆ ಕಾಯುತ್ತಿತ್ತು. ನನ್ನ ಜೊತೆಗಿರಲೆಂದು ಬಂದಿದ್ದ ನಾದಿನಿಗೆ, ಬೆನ್ನಿಗೆ ಸ್ವಲ್ಪ ಎಣ್ಣೆ ಹಚ್ಚೇ ಎಂದೆ.

"ಎಂತ ಅತ್ತಿಗೆ ನೀವು! ಅಣ್ಣ ಹೋಗಿ ವರ್ಷ ತುಂಬ್ಲಿಲ್ಲ. ನಮಗೆ ಈ ಸಲ ಹಬ್ಬ ಇಲ್ಲ. ಎಣ್ಣೆ ಹಚ್ಕೊಂಡು ಕೂತ್ರೆ ಜನ ಏನಂತಾರೆ?"

"ಹಬ್ಬ ಯಾರಿಗೆ ಬೇಕು ಮಾರಾಯ್ತಿ? ಬೆನ್ನು ಕೆರೀತದೆ."

"ಹಬ್ಬ ಕಳೀಲಿ, ಹಚ್ತೀನಿ."

"ಅಲ್ಲೀವರೆಗೆ ಸುಮ್ನಿರು ಅಂತ ಆ ನವೆಗೂ ನೀನೇ ಹೇಳು."

ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಗೋಡೆಗೆ ಗಾರೆ ಮಾಡಿಸಿಲ್ಲ, ಬರೀ ಕೆಂಪುಕಲ್ಲು. ಅದಕ್ಕೆ ಬೆನ್ನು ಕೊಟ್ಟು ಮೇಲೆ ಕೆಳಗೆ ಉಜ್ಜಿದೆ. ಹಾಯೆನಿಸಿತು. ಇನ್ನೂ ಉಜ್ಜಿದೆ. ಉರಿ ಹತ್ತಿದ ಮೇಲೆಯೇ ನಿಲ್ಲಿಸಿದ್ದು.

ಸೀರೆ ಉಟ್ಟು ಹೊರಗೆ ಬಂದರೆ ನಾದಿನಿ ನನ್ನ ರವಿಕೆ ನೋಡಿ ಕೂಗಿಕೊಂಡಳು.

"ಅಯ್ಯೋ, ರಕ್ತ! ಎಮ್ಮೆ ಮರಕ್ಕೆ ಮೈ ತಿಕ್ಕಿದ ಹಾಗೆ ತಿಕ್ಕಿದ್ರಾ? ಕೂತ್ಕೊಳ್ಳಿ, ಎಣ್ಣೆ ತರ್ತೀನಿ."

"ಈಗ ಜನ ಏನೂ ಅನ್ನಲ್ವಾ?"

"ಗಾಯಕ್ಕೆ ಹಚ್ಚೋದು ಔಷಧಿ. ಅದಕ್ಕೆ ಯಾರೇನಂತಾರೆ?"

ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ತಂದಳು. ಹಿಂದೆ ಕೂತು ಬೆರಳ ತುದಿಯಲ್ಲಿ, ಬಾಣಂತಿ ಮನೆಯ ಕೂಸಿಗೆ ಹಚ್ಚುವಂತೆ ಸವರಿದಳು.

"ಜೋರಾಗಿ ಉಜ್ಜೇ."

"ಚರ್ಮ ಸುಲಿದಿದೆ ಅತ್ತಿಗೆ, ಹ್ಯಾಗೆ ಉಜ್ಜಲಿ?"

ಅವಳು ಹೇಳಿದ್ದು ಸರಿ. ಅದಕ್ಕೇ ಇನ್ನೂ ಸಿಟ್ಟು ಬಂತು. ಎಣ್ಣೆ ಸಿಕ್ಕಿತು, ಕೈ ಸಿಕ್ಕಿತು, ಉಜ್ಜಿಸಿಕೊಳ್ಳುವ ಬೆನ್ನನ್ನು ನಾನೇ ಕೆಡಿಸಿಕೊಂಡಿದ್ದೆ. ಅವಳ ಮೇಲಿನ ಸಿಟ್ಟು ಅವಳ ಅಣ್ಣನ ಮೇಲೆ ತಿರುಗಿತು. ಸತ್ತವರನ್ನು ಬೈಯಬಾರದಂತೆ. ಅವಳು ಸವರುತ್ತಿದ್ದಷ್ಟು ಹೊತ್ತೂ ನಾನು ಬೈದೆ. ಅವಳು ಬೇಡವೆನ್ನಲಿಲ್ಲ.