ಅಕ್ಕನ ಬಲಗಣ್ಣು ಮತ್ತು ಚೆನ್ನೈಯ ಸೂರ್ಯಗ್ರಹಣ

೨೦೧೯ರ ಡಿಸೆಂಬರ್ ಇಪ್ಪತ್ತನಾಲ್ಕರ ರಾತ್ರಿ ಹುಬ್ಬಳ್ಳಿಯಿಂದ ಹೊರಟೆ. ಚೀಲದಲ್ಲಿ ಎರಡು ಜೊತೆ ಬಟ್ಟೆ, ಗ್ರಹಣ ನೋಡುವ ರಟ್ಟಿನ ಕನ್ನಡಕಗಳು ನಾಲ್ಕು, ಅಕ್ಕನಿಗೆಂದು ಅರ್ಧ ಕಿಲೋ ಧಾರವಾಡ ಪೇಢೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನು. ಇಪ್ಪತ್ತಾರರ ಬೆಳಿಗ್ಗೆ ಕಂಕಣ ಸೂರ್ಯಗ್ರಹಣವಿತ್ತು. ಉಂಗುರ ಪೂರ್ಣವಾಗಿ ಕಾಣುವ ಪಟ್ಟಿ ಮಂಗಳೂರು, ಕೊಯಮತ್ತೂರು, ದಿಂಡಿಗಲ್‌ಗಳ ಮೇಲೆ ಹಾದುಹೋಗುತ್ತಿತ್ತು. ನಮ್ಮ ಶಾಲೆಯ ಇಬ್ಬರು ಮಾಸ್ತರರು ಮಂಗಳೂರಿಗೆ ಹೋಗುವವರಿದ್ದರು, ನನ್ನ ಟಿಕೆಟ್ಟನ್ನೂ ತೆಗೆಸಿದ್ದರು. ಅದನ್ನು ರದ್ದು ಮಾಡಿ, ಉಂಗುರವೇ ಕಾಣದ ಚೆನ್ನೈಗೆ ಹೊರಟಿದ್ದಕ್ಕೆ ಕಾರಣ ಅಕ್ಕನ ಒಂದು ಫೋನು.

"ಶ್ರೀಧರ, ಈ ಸಲ ನೀ ಇಲ್ಲಿಗೇ ಬಾ. ನನಗ ಗ್ರಹಣ ನೋಡೋದದ," ಎಂದಿದ್ದಳು.

ಕಳೆದ ಮೂವತ್ತೊಂಬತ್ತು ವರ್ಷಗಳಲ್ಲಿ ಅಕ್ಕ ಒಂದು ಗ್ರಹಣವನ್ನೂ ನೋಡಿರಲಿಲ್ಲ. ಆ ಹೊತ್ತಿನಲ್ಲಿ ಕೋಣೆಯ ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು. ಚೆನ್ನೈಯ ಅತ್ತೆಮನೆಯವರು ಅದನ್ನು ಮಡಿವಂತಿಕೆ ಎಂದುಕೊಂಡಿದ್ದರು. ನಿಜವಾದ ಕಾರಣ ನನಗೆ ಗೊತ್ತಿತ್ತು, ಅಥವಾ ಗೊತ್ತಿದೆಯೆಂದು ನಾನು ತಿಳಿದಿದ್ದೆ.

ಬೆಂಗಳೂರಿನಲ್ಲಿ ಬೆಳಗಿನ ಗಾಡಿ ಹಿಡಿದೆ. ಅಲ್ಲಿಂದ ಚೆನ್ನೈಗೆ ಮುನ್ನೂರ ಅರವತ್ತು ಕಿಲೋಮೀಟರ್, ಆರು ತಾಸು. ಕಿಟಕಿಯ ಪಕ್ಕ ಕೂತು ೧೯೮೦ರ ಫೆಬ್ರುವರಿ ಹದಿನಾರನ್ನು ನೆನೆದೆ. ಅಂದು ಶನಿವಾರ. ಸಂಪೂರ್ಣ ಸೂರ್ಯಗ್ರಹಣದ ನೆರಳು ಅಂಕೋಲೆಯ ಕಡಲನ್ನು ದಾಟಿ ಹುಬ್ಬಳ್ಳಿಯ ಮೇಲೆ ಬಂದಿತ್ತು. ಊರಿಗೆ ಊರೇ ಬಾಗಿಲು ಹಾಕಿಕೊಂಡಿತ್ತು. ನಮ್ಮ ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್. ವೆಲ್ಡಿಂಗಿನ ಕಪ್ಪು ಗಾಜನ್ನೂ, ಒಂದು ಕಡೆ ಮಾತ್ರ ಕಾಣುತ್ತಿದ್ದ ಹಳೆಯ ದುರ್ಬೀನನ್ನೂ ತಂದು ನಮ್ಮನ್ನು ಮಾಳಿಗೆ ಹತ್ತಿಸಿದ. ಅಕ್ಕನಿಗೆ ಹದಿನೇಳು, ನನಗೆ ಹದಿಮೂರು.

ಅಪ್ಪನ ಸೂಚನೆ ಸರಳವಾಗಿತ್ತು. ಸೂರ್ಯ ಪೂರ್ತಿ ಮುಚ್ಚುವವರೆಗೆ ಗಾಜು. ಮುಚ್ಚಿದ ಮೇಲೆ ಸುಮಾರು ಎರಡೂವರೆ ನಿಮಿಷ ಬರಿಗಣ್ಣಿಂದ ನೋಡಬಹುದು, ದುರ್ಬೀನಿನಿಂದಲೂ ನೋಡಬಹುದು. ಆಮೇಲೆ ಕೂದಲೆಳೆಯಷ್ಟು ಸೂರ್ಯ ಹೊರಬಂದರೂ ಕಣ್ಣು ಹೋದಂತೆ. ತನ್ನ ಕೈಗಡಿಯಾರ ಬಿಚ್ಚಿ ನನ್ನ ಕೈಗೆ ಕಟ್ಟಿದ. "ಎರಡು ನಿಮಿಷ ಆದ ಕೂಡ್ಲೆ 'ಗಾಜು' ಅಂತ ಕೂಗು. ಅಕ್ಕನ ಕಣ್ಣು ನಿನ್ನ ಕೈಯಾಗದ," ಎಂದು ಹೇಳಿ ಅವ್ವನನ್ನು ಕರೆತರಲು ಕೆಳಗಿಳಿದ. ಅವ್ವ ಬರಲಿಲ್ಲ. ಅಪ್ಪ ಮೇಲೆ ಬರುವಷ್ಟರಲ್ಲಿ ಬೆಳಕು ಮರಳಿತ್ತು.

ಕಣ್ಣಿನ ಪರದೆ ಸುಟ್ಟರೆ ನೋವಾಗುವುದಿಲ್ಲ, ಅಲ್ಲಿ ನೋವಿನ ನರಗಳೇ ಇಲ್ಲ. ಅಕ್ಕನಿಗೆ ಗೊತ್ತಾದದ್ದು ಮರುದಿನ. ಬಲಗಣ್ಣಿನಿಂದ ಏನನ್ನು ನೋಡಿದರೂ ನಟ್ಟನಡುವೆ ನಾಣ್ಯದಷ್ಟು ಬೂದುಬಣ್ಣದ ಕಲೆ. ಸುತ್ತಲಿನದೆಲ್ಲ ಕಾಣುತ್ತಿತ್ತು, ಎದುರಿಗಿದ್ದವರ ಮುಖ ಮಾತ್ರ ಕಾಣುತ್ತಿರಲಿಲ್ಲ. ಅಪ್ಪ ನಮ್ಮಿಬ್ಬರನ್ನೂ ನಿಲ್ಲಿಸಿ ಕೇಳಿದ. ನಾನು ಕೂಗಿದ್ದೆನೆಂದೇ ನನ್ನ ನೆನಪು. ಆದರೆ ಅಕ್ಕ ನೆಲ ನೋಡುತ್ತ, "ಇಂವ ಕೂಗಲಿಲ್ಲ ಅಪ್ಪಾ," ಎಂದಳು. ಅಕ್ಕ ಸುಳ್ಳು ಹೇಳಿದ್ದನ್ನು ನಾನು ಕಂಡವನಲ್ಲ. ಹಾಗಾಗಿ ನನ್ನ ನೆನಪೇ ತಪ್ಪೆಂದು ಒಪ್ಪಿಕೊಂಡೆ. ಅಪ್ಪ ಬೈಯಲಿಲ್ಲ, ಹೊಡೆಯಲಿಲ್ಲ. ನನ್ನ ಕೈಯಿಂದ ಗಡಿಯಾರ ಬಿಚ್ಚಿಕೊಂಡ. ಆಮೇಲೆ ತೀರಿಹೋಗುವವರೆಗೂ ಯಾವ ಕೆಲಸವನ್ನೂ ನನಗೊಬ್ಬನಿಗೇ ಒಪ್ಪಿಸಲಿಲ್ಲ.

ಮಧ್ಯಾಹ್ನ ಹನ್ನೆರಡೂವರೆಗೆ ಚೆನ್ನೈ ಸೆಂಟ್ರಲ್. ಡಿಸೆಂಬರಾದರೂ ಬೆವರು. ನಿಲ್ದಾಣದ ಎದುರಿಗಿದ್ದ ಸಸ್ಯಾಹಾರಿ ಹೋಟೆಲಿನಲ್ಲಿ ಊಟ ಮಾಡಿದೆ. ಗಲ್ಲಾಪೆಟ್ಟಿಗೆಯಲ್ಲಿ ಕೂತಿದ್ದವರು ಕುಂದಾಪುರದ ಕಡೆಯವರು. ನನ್ನ ಕನ್ನಡ ಕೇಳಿ ತಾವಾಗಿಯೇ ಮಾತಿಗಿಳಿದರು. "ನಾಳೆ ಬೆಳಿಗ್ಗೆ ತಿಂಡಿಗೆ ಬರ್ಬೇಡಿ ಮಾರಾಯ್ರೆ. ಹನ್ನೊಂದೂವರೆ ತನ್ಕ ನಾವ್ ಒಲೆ ಹೊತ್ಸುದಿಲ್ಲ." ಗಿರಾಕಿ ತಪ್ಪುವುದಿಲ್ಲವೇ ಎಂದು ಕೇಳಿದೆ. "ಗಿರಾಕಿಗಳೂ ಬರುದಿಲ್ಲ, ನಾವೂ ಮಾಡುದಿಲ್ಲ. ಸಮ ಆಯ್ತಲ್ಲ," ಎಂದು ನಕ್ಕರು.

ವಡಪಳನಿಗೆ ಮೆಟ್ರೋ ಹಿಡಿದೆ, ನಲವತ್ತು ರೂಪಾಯಿ. ಅಕ್ಕನ ಮನೆ ಮುರುಗನ ಗುಡಿಯ ಹಿಂದಿನ ಬೀದಿಯಲ್ಲಿ, ಮೂರನೆಯ ಮಹಡಿ. ಭಾವನ ಮನೆತನ ಮೂರು ತಲೆಮಾರಿನಿಂದ ಮದರಾಸಿನ ಮಾಧ್ವರು. ಭಾವ ವಿಮಾ ಕಚೇರಿಯಿಂದ ನಿವೃತ್ತರು. ಅವರ ಕನ್ನಡದಲ್ಲಿ ಅರ್ಧ ತಮಿಳು. ಅಕ್ಕ ಬಾಗಿಲಲ್ಲಿ ನಿಂತು, ತಲೆಯನ್ನು ತುಸು ಓರೆಮಾಡಿ ಎಡಗಣ್ಣಿಂದ ನನ್ನನ್ನು ನೋಡಿ, "ಬಾರೋ, ಎಷ್ಟು ಸೊರಗಿದಿ," ಎಂದಳು. ಆ ಎಡಗಣ್ಣಿಗೂ ಈಗ ಪೊರೆ ಬಂದಿತ್ತು. ಜನವರಿಯಲ್ಲಿ ಆಪರೇಷನ್ ನಿಗದಿಯಾಗಿತ್ತು.

ಗ್ರಹಣದ ವೇಧೆಯೆಂದು ರಾತ್ರಿ ಎಂಟರೊಳಗೆ ಊಟ ಮುಗಿಸಿದೆವು. ಭಾವ ಉಪ್ಪಿನಕಾಯಿ ಭರಣಿಯ ಮೇಲೆ, ಹಾಲಿನ ಪಾತ್ರೆಯ ಮೇಲೆ ದರ್ಭೆ ಇಡುತ್ತ, "ನೀನು ಸೈನ್ಸ್ ವಾದ್ಯಾರ್, ನಗುತೀ. ಆದರೆ ಟೈಮ್ ನೋಡು," ಎಂದು ಪಂಚಾಂಗ ಬಿಡಿಸಿದರು. ಸ್ಪರ್ಶ ಎಂಟು ಗಂಟೆ ಎಂಟು ನಿಮಿಷ. ನನ್ನ ಕಾಗದದಲ್ಲಿದ್ದದ್ದೂ ಅದೇ. ನಗುವಂಥದ್ದು ಅಲ್ಲೇನೂ ಇರಲಿಲ್ಲ. ಅವರ ಪಂಚಾಂಗ ಕೇತುಗ್ರಸ್ತ ಎಂದಿತ್ತು. ಭೂಮಿ ಸೂರ್ಯನನ್ನು ಸುತ್ತುವ ಸಮತಲಕ್ಕೆ ಚಂದ್ರನ ದಾರಿ ಐದು ಡಿಗ್ರಿಯಷ್ಟು ಓರೆಯಾಗಿದೆ. ಅದಕ್ಕೇ ಪ್ರತಿ ಅಮಾವಾಸ್ಯೆಗೂ ಗ್ರಹಣವಿಲ್ಲ. ಚಂದ್ರ ಸೂರ್ಯನ ಮೇಲೋ ಕೆಳಗೋ ಹಾದುಹೋಗುತ್ತಾನೆ. ಎರಡು ದಾರಿಗಳು ಕೂಡುವ ಜಾಗಗಳು ಎರಡೇ. ಅಲ್ಲಿ ಅಮಾವಾಸ್ಯೆ ಬಿದ್ದರೆ ಮಾತ್ರ ಗ್ರಹಣ. ಆ ಎರಡು ಜಾಗಗಳಿಗೇ ನಮ್ಮ ಹಿರಿಯರು ರಾಹು, ಕೇತು ಎಂದು ಹೆಸರಿಟ್ಟು ಲೆಕ್ಕ ಹಾಕಿದರು. ಇದನ್ನು ಹೇಳಿದಾಗ ಭಾವ ಪಂಚಾಂಗ ಮಡಚುತ್ತ, "ಅಪ್ಪಡಿ ಅಂದರೆ ನಾವಿಬ್ಬರೂ ಒಂದೇ ಕಣಕ್ಕು, ಒಂದೇ ಲೆಕ್ಕದ ಪಾರ್ಟಿ," ಎಂದರು.

ಮರುದಿನ ಧನುರ್ಮಾಸದ ಬೆಳಗು. ಬೀದಿಯುದ್ದಕ್ಕೂ ದೊಡ್ಡ ದೊಡ್ಡ ರಂಗೋಲಿಗಳು, ಗುಡಿಯ ಬಾಗಿಲು ಮಾತ್ರ ಮುಚ್ಚಿತ್ತು. ಭಾವನಿಗೆ ಗ್ರಹಣಕಾಲದಲ್ಲಿ ಸಮುದ್ರಸ್ನಾನವಾಗಬೇಕು, ನಮಗೆ ತೆರೆದ ಆಕಾಶ ಬೇಕು. ಮೂವರೂ ಒಂದೇ ಆಟೋದಲ್ಲಿ ಬೆಸೆಂಟ್ ನಗರಕ್ಕೆ ಹೊರಟೆವು. ಹನ್ನೊಂದು ಕಿಲೋಮೀಟರಿಗೆ ಇನ್ನೂರೈವತ್ತು ರೂಪಾಯಿ. ರಸ್ತೆಗಳು ಖಾಲಿ ಇದ್ದುದರಿಂದ ಎಂಟಕ್ಕೆ ಮೊದಲೇ ತಲುಪಿದೆವು.

ಕಡಲ ಮೇಲೆ ತೆಳುವಾದ ಮೋಡವಿತ್ತು. ದಡದಲ್ಲಿ ಮೀನುಗಾರರ ಹತ್ತಾರು ಕುಟುಂಬಗಳು ನಿಂತು ನೀರಿಗೆ ಹಾಲು ಸುರಿಯುತ್ತಿದ್ದವು. ಗ್ರಹಣಕ್ಕಾಗಿ ಅಲ್ಲ. ಸುನಾಮಿ ಬಂದು ಅಂದಿಗೆ ಸರಿಯಾಗಿ ಹದಿನೈದು ವರ್ಷ. ನಮ್ಮ ಪಕ್ಕದಲ್ಲೇ ಒಬ್ಬ ಮುದುಕಿ ಹಾಲಿನ ಪೊಟ್ಟಣ ಖಾಲಿ ಮಾಡಿ, ಬರಿಗಣ್ಣಿಂದ ಸೂರ್ಯನತ್ತ ಮುಖ ಎತ್ತಿದಳು. ಅಕ್ಕ ಥಟ್ಟನೆ ಮುಂದೆ ಹೋಗಿ ಅವಳ ಕಣ್ಣಿಗೆ ಅಂಗೈ ಅಡ್ಡ ಹಿಡಿದಳು. ತಮಿಳಿನಲ್ಲಿ ಏನೋ ಹೇಳಿ, ತನ್ನ ರಟ್ಟಿನ ಕನ್ನಡಕವನ್ನು ಅವಳಿಗೆ ಹಾಕಿದಳು. ಮುದುಕಿ ಬಹಳ ಹೊತ್ತು ನೋಡಿದಳು. ಅವಳು ಹೇಳಿದ್ದನ್ನು ಅಕ್ಕ ನನಗೆ ಕನ್ನಡದಲ್ಲಿ ತಿಳಿಸಿದಳು: "ಹೆಂಗ, ಎಷ್ಟೊತ್ತಿಗೆ ಬರ್ತದಂತ ಮೊದಲೇ ಹೇಳ್ತಾರಲ್ಲ, ಅದಕ್ಕ ಸುನಾಮಿಗಿಂತ ಇದು ಒಳ್ಳೇದು ಅಂತಾಳ."

ಎಂಟೂ ಎಂಟಕ್ಕೆ ಸೂರ್ಯನ ಅಂಚಿನಲ್ಲಿ ಸಣ್ಣ ಕಚ್ಚು ಬಿತ್ತು. ಭಾವ ಪಂಚೆ ಕಟ್ಟಿ ನೀರಿಗಿಳಿದರು. ಅಕ್ಕ ಇನ್ನೊಂದು ಕನ್ನಡಕ ಹಾಕಿಕೊಳ್ಳುವ ಮುನ್ನ ಅದನ್ನು ತಿರುಗಿಸಿ, ಬೆಳಕಿಗೆ ಹಿಡಿದು ಗೀರು ಇದೆಯೇ ಎಂದು ಎರಡು ಸಲ ಪರೀಕ್ಷಿಸಿದಳು. ನಾನು ಅವಳ ಹೆಗಲು ಹಿಡಿದುಕೊಂಡೆ. ಕೊನೆಗೆ ತಲೆ ಎತ್ತಿದಳು.

ಒಂಬತ್ತೂವರೆಯ ಹೊತ್ತಿಗೆ ಸೂರ್ಯನ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಭಾಗ ಮುಚ್ಚಿತ್ತು. ಕತ್ತಲಾಗಲಿಲ್ಲ. ಬಿಸಿಲು ಮಾತ್ರ ತೆಳುವಾಗಿ, ತವರದ ಬಣ್ಣಕ್ಕೆ ತಿರುಗಿ, ಗಾಳಿ ತಂಪಾಯಿತು. ರಸ್ತೆಯಂಚಿನ ಬೇವಿನ ಮರದ ಕೆಳಗೆ ಅಕ್ಕನನ್ನು ಕರೆದೊಯ್ದೆ. ಎಲೆಗಳ ನಡುವಿನ ಒಂದೊಂದು ಸಂದೂ ಸೂರ್ಯನ ಚಿತ್ರವನ್ನು ನೆಲಕ್ಕೆ ಬೀಳಿಸಿತ್ತು. ಮರಳಿನ ಮೇಲೆ ನೂರಾರು ಬಿದಿಗೆ ಚಂದ್ರರು. ಅಕ್ಕ ಕುಕ್ಕರಗಾಲಲ್ಲಿ ಕೂತು ಅಂಗೈ ಚಾಚಿದಳು. ಮೂರು ಕುಡುಗೋಲುಗಳು ಅಂಗೈಯಲ್ಲಿ ಅಲುಗಾಡಿದವು.

"ಆವತ್ತಿನಂಗ ಪೂರ್ತಿ ಯಾಕ ಮುಚ್ಚಂಗಿಲ್ಲ?" ಎಂದು ಕೇಳಿದಳು.

ಸೂರ್ಯ ಚಂದ್ರನಿಗಿಂತ ನಾನೂರು ಪಟ್ಟು ಅಗಲ, ಹೆಚ್ಚುಕಡಿಮೆ ನಾನೂರು ಪಟ್ಟು ದೂರ. ಅದಕ್ಕೇ ಎರಡೂ ನಮಗೆ ಒಂದೇ ಅಳತೆಯಲ್ಲಿ ಕಾಣುತ್ತವೆ ಎಂದೆ. ಆದರೆ ದೂರ ಸ್ಥಿರವಲ್ಲ. ಈ ಸಲ ಚಂದ್ರ ಸ್ವಲ್ಪ ದೂರ ಸರಿದಿದ್ದಾನೆ, ಸೂರ್ಯ ವರ್ಷದಲ್ಲೇ ಹತ್ತಿರದ ದಿನಗಳಲ್ಲಿದ್ದಾನೆ. ಮುಚ್ಚಳ ಪಾತ್ರೆಗಿಂತ ಒಂದು ನೂಲು ಚಿಕ್ಕದಾಗಿದೆ. ಉಂಗುರದ ಪಟ್ಟಿಯಲ್ಲಿ ನಿಂತವರಿಗೂ ಇಂದು ಸಂಪೂರ್ಣ ಗ್ರಹಣವಿಲ್ಲ. ೧೯೮೦ರಲ್ಲಿ ಮುಚ್ಚಳ ಒಂದು ನೂಲು ದೊಡ್ಡದಿತ್ತು, ಅಷ್ಟೇ. ಹದಿನೆಂಟು ವರ್ಷ, ಹನ್ನೊಂದು ದಿನಕ್ಕೊಮ್ಮೆ ಅದೇ ಬಗೆಯ ಗ್ರಹಣ ಮರಳಿ ಬರುತ್ತದೆ, ಆದರೆ ಭೂಮಿಯ ಬೇರೆ ಭಾಗಕ್ಕೆ. ನಮ್ಮ ಹುಬ್ಬಳ್ಳಿಯ ಗ್ರಹಣದ ವಂಶದ್ದೇ ಒಂದು ೨೦೩೪ರಲ್ಲಿ ಲಡಾಖಿನ ಕಡೆ ಬರಲಿದೆ.

ಅಕ್ಕ ಅಂಗೈ ಮಡಿಸಿದಳು. ನನ್ನತ್ತ ನೋಡದೆ ಹೇಳಿದಳು: "ಶ್ರೀಧರ, ಆವತ್ತು ನೀ ಕೂಗಿದ್ದಿ."

ನನಗೆ ಅರ್ಥವಾಗಲಿಲ್ಲ.

"ನೀ 'ಗಾಜು, ಗಾಜು' ಅಂತ ಎರಡು ಸಲ ಕೂಗಿದ್ದಿ. ನನ್ನ ಲಂಗಾ ಹಿಡದು ಜಗ್ಗಿದ್ದಿ. ನಾ ಕೇಳಿಸ್ಕೊಂಡಿದ್ದೆ. ದುರ್ಬೀನು ಇಳಸಲಿಲ್ಲ."

"ಮತ್ತ ಅಪ್ಪನ ಮುಂದ?"

"ಹೇಳಿದ ಮಾತು ಕೇಳಲಿಲ್ಲ ಅಂದ್ರ ಕಾಲೇಜು ಬಿಡಸ್ತೀನಿ ಅಂತ ಅಪ್ಪ ಮೊದಲೇ ಅಂದಿದ್ದ. ನನಗ ಬಿಎಸ್ಸಿ ಮಾಡಬೇಕಿತ್ತು. ಎರಡು ದಿನ ಬಿಟ್ಟು ಖರೆ ಹೇಳಿದ್ರಾತು ಅನ್ಕೊಂಡೆ. ಎರಡು ದಿನ ಆತು, ಎರಡು ವರ್ಷ ಆತು, ಇಪ್ಪತ್ತು ವರ್ಷ ಆತು. ಆಮೇಲೆ ಅಪ್ಪನೇ ಹೋದ." ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇರೋ ಒಂದು ಕಣ್ಣಿಗೆ ಕತ್ತರಿ ಹಾಕಸ್ಕೊಳ್ಳೋಕಿಂತ ಮೊದಲ ನಿನ್ನ ಮುಖ ನೋಡಿ ಹೇಳಬೇಕಂತ ಕರಸಿದೆ. ಈಗ ನೋಡಿ ಹೇಳಲಿಕ್ಕೂ ಆಗಲಿಲ್ಲ."

ನಾನು ಎದ್ದು ನೀರಿನತ್ತ ನಡೆದೆ. ಹಗುರವಾಗಬೇಕಿತ್ತು, ಆಗಲಿಲ್ಲ. ಸಿಟ್ಟು ಬಂದಿತ್ತು, ಅದೂ ಅಕ್ಕನ ಕಣ್ಣಿನ ವಿಷಯಕ್ಕಲ್ಲ. ಅಪ್ಪ ಕೊನೆಯ ವರ್ಷ ಹಾಸಿಗೆ ಹಿಡಿದಾಗ ತನ್ನ ಗುಳಿಗೆಗಳ ಹೊತ್ತನ್ನು ಕೂಡ ನನಗೆ ಒಪ್ಪಿಸದೆ, ನನ್ನ ಹೆಂಡತಿಯನ್ನು ಕರೆದು ಹೇಳುತ್ತಿದ್ದ. ಆ ಮುದುಕನಿಗೆ ಇನ್ನು ಯಾರು ಹೋಗಿ ಹೇಳಬೇಕು? ಸೊಂಟದವರೆಗಿನ ನೀರಿನಲ್ಲಿ ನಿಂತು ತರ್ಪಣ ಬಿಡುತ್ತಿದ್ದ ಭಾವ ನನ್ನನ್ನು ಕಂಡು, "ಶ್ರೀಧರ, ನಿನ್ನ ಅಪ್ಪಂಗೂ ಎರಡು ಬೊಗಸೆ ಬಿಡ್ತೀಯಾ? ಗ್ರಹಣ ಟೈಮ್‌ಲೆ ಬಿಟ್ಟದ್ದು ಕಂಡಿಪ್ಪಾ, ಖಂಡಿತಾ ಸೇರತ್ತೆ," ಎಂದರು. ಅವರಿಗೆ ನಡೆದದ್ದೇನೂ ಗೊತ್ತಿರಲಿಲ್ಲ. ನಾನು ಇಂಥದ್ದನ್ನು ನಂಬುವವನಲ್ಲ. ಆದರೂ ಪ್ಯಾಂಟು ಮೊಣಕಾಲಿಗೆ ಮಡಚಿ ನೀರಿಗಿಳಿದೆ. ಬೊಗಸೆ ತುಂಬಿಕೊಂಡೆ. ಭಾವ ಹೇಳಿಕೊಟ್ಟ ಮಂತ್ರದ ಬದಲು, "ಅಪ್ಪಾ, ನಾ ಕೂಗಿದ್ದೆ," ಎಂದು ಮನಸ್ಸಿನಲ್ಲೇ ಹೇಳಿ ನೀರು ಬಿಟ್ಟೆ.

ಮರಳಿ ಬಂದಾಗ ಅಕ್ಕ ಮರದ ಕೆಳಗೇ ಕೂತಿದ್ದಳು. ನನ್ನ ಕನ್ನಡಕವನ್ನು ಅವಳ ಕೈಗಿಟ್ಟೆ. "ಇನ್ನೂ ಒಂದು ತಾಸು ಅದ, ನೋಡು," ಎಂದೆ. ಅಷ್ಟೇ ನನ್ನಿಂದ ಆದದ್ದು. ಹನ್ನೊಂದೂ ಇಪ್ಪತ್ತಕ್ಕೆ ಗ್ರಹಣ ಬಿಟ್ಟಿತು. ಮನೆಗೆ ಬಂದು, ಮಿಂದು, ಅಕ್ಕ ಸಾರು ಅನ್ನ ಮಾಡಿ ಬಡಿಸಿದಳು. ಊಟದ ಹೊತ್ತಿನಲ್ಲಿ ಮಾತಾಡಿದವರು ಭಾವ ಒಬ್ಬರೇ.

ಇಪ್ಪತ್ತೇಳರ ಮಧ್ಯಾಹ್ನ ಇಬ್ಬರೂ ನನ್ನನ್ನು ಬೀಳ್ಕೊಡಲು ಸೆಂಟ್ರಲ್‌ಗೆ ಬಂದರು. ಭಾವ ನೀರಿನ ಬಾಟಲಿ ತರಲು ಹೋದರು. ನಾನು ಕಿಟಕಿಯ ಒಳಗೆ, ಅಕ್ಕ ಪ್ಲಾಟ್‌ಫಾರ್ಮಿನಲ್ಲಿ. ರಾತ್ರಿಯೆಲ್ಲ ನನ್ನಲ್ಲಿ ಒಂದು ಪ್ರಶ್ನೆ ಸುತ್ತುತ್ತಿತ್ತು. ಅಂದು ಎರಡು ನಿಮಿಷವೂ ನಾನು ಗಡಿಯಾರ ನೋಡುತ್ತಿದ್ದೆ. ಸಂಪೂರ್ಣ ಸೂರ್ಯಗ್ರಹಣದ ಕೆಳಗೆ ನಿಂತು ಅದನ್ನು ನೋಡದೆ ಉಳಿದವನು ನಾನು. ಅಕ್ಕನ ಕಣ್ಣಿಗೆ ಏನಾಯಿತೆಂದು ವೈದ್ಯರು ಕೇಳಿದ್ದರು, ಗಂಡಿನ ಕಡೆಯವರು ಕೇಳಿದ್ದರು. ಆ ಕಣ್ಣು ಏನು ಕಂಡಿತೆಂದು ಯಾರೂ ಕೇಳಿರಲಿಲ್ಲ.

"ಅಕ್ಕಾ," ಎಂದೆ, "ನಾ ಕೂಗಿದ ಮ್ಯಾಲೆ ನಿನಗ ಏನು ಕಾಣಸ್ತು?"

ಅಕ್ಕ ಕಿಟಕಿಯ ಸರಳು ಹಿಡಿದಳು. ತಲೆ ಓರೆ ಮಾಡಲಿಲ್ಲ, ನೇರವಾಗಿ ನನ್ನ ಕಡೆ ಮುಖ ಮಾಡಿ ಹೇಳಿದಳು.

"ಸುತ್ತಲೂ ಬೆಳ್ಳನ್ನ ಕೂದಲು ಹರವಿದಂಗ ಇತ್ತು. ಅಂಚಿಗೆ ಕೆಂಪು ಉರಿ, ಕುಂಕುಮದ ಗೀರಿನಷ್ಟು. ಆಮೇಲೆ ಅದರ ಪಕ್ಕಕ್ಕ ಒಂದು ಹನಿ ಬೆಳಕು ಮೂಡ್ತು. ಒಂದೇ ಹನಿ. ಈಗ ಬೀಳ್ತದ, ಈಗ ಬೀಳ್ತದ ಅಂತ ಕಾಯ್ಕೋತ ನಿಂತೆ." ಗಾಡಿ ಅಲುಗಿತು. ಅಕ್ಕ ಸರಳು ಬಿಡದೆ ನಾಲ್ಕು ಹೆಜ್ಜೆ ಜೊತೆಗೆ ನಡೆದಳು. "ಭಾಳ ಚಂದ ಇತ್ತೋ ತಮ್ಮಾ. ನೀನೂ ನೋಡಬೇಕಿತ್ತು."