ಹಿಮದಲ್ಲಿ ಪುಳಿಯೋಗರೆ

ನಮ್ಮ ಯಜಮಾನರು ತೀರಿಕೊಂಡ ಮೇಲೆ ಊಟ ಸೇರದೆ ಮನೆಯಲ್ಲೇ ಕೂತಿದ್ದ ನನ್ನನ್ನು ಹರ್ನ್‌ಡನ್ ಊರಿನ ಗೆಳತಿ ಸುಧಾ, ಅವಳ ಗಂಡ ಮೋಹನ್ ಬಲವಂತದಿಂದ ವೆಸ್ಟ್ ವರ್ಜೀನಿಯಾದ ಬೆಟ್ಟಕ್ಕೆ ಕರೆತಂದರು. ಹಿಮದಲ್ಲಿ ಹೂತುಹೋಗದಂತೆ ಬೂಟಿನಡಿಗೆ ಅಗಲವಾದ ಸ್ನೋಶೂ ಕಟ್ಟಿಕೊಂಡು ನಡೆದೆವು. ಮಧ್ಯಾಹ್ನ ಪುಳಿಯೋಗರೆ ಡಬ್ಬಿ ತೆಗೆದ ಮೋಹನ್, ಊಟಕ್ಕೆ ಮುಂಚೆ ಚಪ್ಪಲಿ ಬಿಡುವ ಅಭ್ಯಾಸದಲ್ಲಿ ಸ್ನೋಶೂ ಬಿಚ್ಚಿ ಪಕ್ಕಕ್ಕೆ ಕಾಲಿಟ್ಟರು. ತೊಡೆಯವರೆಗೆ ಇಳಿದುಹೋದರು. ಡಬ್ಬಿ ಮಾತ್ರ ತಲೆಯ ಮೇಲಿತ್ತು.

“ಮೊದ್ಲು ಇದನ್ನ ಹಿಡ್ಕೊಳ್ಳಿ,” ಎಂದರು.

ನಾನು ನಕ್ಕುಬಿಟ್ಟೆ. ಯಜಮಾನರು ಹೋದ ಮೇಲೆ ನಕ್ಕಿರಲಿಲ್ಲ. ತಪ್ಪು ಮಾಡಿದವಳಂತೆ ಬಾಯಿ ಮುಚ್ಚಿಕೊಂಡೆ.

“ಕೈ ತೆಗಿಯೇ,” ಎಂದಳು ಸುಧಾ. “ಬೇಕಾದ್ರೆ ಇವ್ರನ್ನ ಇನ್ನೊಂದ್ಸಲ ಇಳಿಸ್ತೀನಿ.”

ಪುಳಿಯೋಗರೆ ತಣ್ಣಗೆ ಕೊರೆಯುತ್ತಿತ್ತು. ನಾನು ಎರಡನೇ ಸಲ ಕೇಳಿ ಹಾಕಿಸಿಕೊಂಡೆ.